ದುಡ್ಡು ಕೊಟ್ಟವರ ಹೆಸರಿನಲ್ಲೇ ಲೈಸೆನ್ಸ್ ಇರಲಿ

ಇವರಿಗೆ:
ಲೆಕ್ಕಪತ್ರದ ಸಾಫ್ಟ್‌ವೇರ್ ತಯಾರಿಸುವ ಮತ್ತು ಮಾರುವ ಎಲ್ಲ ಸಂಸ್ಥೆಗಳು;
ಚಹಾ ಮಂಡಳಿ, ಕೂನೂರು;
ತಮಿಳುನಾಡು ಮತ್ತು ಕರ್ನಾಟಕದ ಸಹಕಾರ ಇಲಾಖೆಗಳು ಹಾಗೂ ಸಹಕಾರ ಲೆಕ್ಕಪರಿಶೋಧನಾ ಇಲಾಖೆಗಳು

ವಿಷಯ: ಹಳೆಯ ಕಂಪ್ಯೂಟರ್ ಬದಲಿಸುವ ಹೊತ್ತಿಗೆ ಕೈತಪ್ಪಿ ಹೋಗುತ್ತಿರುವ ಸಾಫ್ಟ್‌ವೇರ್ ಲೈಸೆನ್ಸ್ ದಾಖಲೆಗಳನ್ನು ಮರಳಿ ಕೊಡಿಸುವ ಬಗ್ಗೆ

ಮಾನ್ಯರೇ,

ಪೂರ್ತಿ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರನ್ನು ನಾವು ಇನ್ನೊಮ್ಮೆ ದುಡ್ಡು ಕೊಟ್ಟು ಕೊಳ್ಳಬೇಕಾಗಿದೆ. ಕೊಂಡವರು ನಾವೇ ಎಂದು ತೋರಿಸುವ ದಾಖಲೆ ನಮ್ಮ ಹೆಸರಿನಲ್ಲಿ ಇಲ್ಲ ಎಂಬುದೊಂದೇ ಇದಕ್ಕೆ ಕಾರಣ. ನೀಲಗಿರಿ ಜಿಲ್ಲೆಯ ಎಮರಾಲ್ಡಿನಲ್ಲಿ ಇದು ನನ್ನೊಬ್ಬನ ಗೋಳಲ್ಲ. ಟೀ ಎಲೆ ಕೊಳ್ಳುವ ಘಟಕ, ಗೊಬ್ಬರದ ಅಂಗಡಿ, ತರಕಾರಿ ಮಂಡಿ, ಸಣ್ಣ ಸಂಘ, ಹೀಗೆ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದ ಯಾರನ್ನು ಕೇಳಿದರೂ ಇದೇ ಕಥೆ ಹೇಳುತ್ತಾರೆ. ಮೈಸೂರು, ಚಾಮರಾಜನಗರದ ಕಡೆ ಇದೇ ಕೆಲಸ ಮಾಡುವ ನನ್ನ ಪರಿಚಯದವರ ಕಥೆಯೂ ಬೇರೆಯಲ್ಲ. ಆದ್ದರಿಂದ ಈ ಪತ್ರವನ್ನು ಖಾಸಗಿ ದೂರಾಗಿ ಬರೆಯದೆ ಎಲ್ಲರ ಮುಂದೆ ಇಡುತ್ತಿದ್ದೇನೆ.

ಎಮರಾಲ್ಡ್ ಎಂದರೆ ಹೊರಗಿನವರಿಗೆ ನೆನಪಾಗುವುದು ಅಣೆಕಟ್ಟು. ಕುಂದಾ ಜಲವಿದ್ಯುತ್ ಯೋಜನೆಗಾಗಿ, ಕೊಲಂಬೊ ಯೋಜನೆಯಡಿ ಕೆನಡಾ ದೇಶ ಕೊಟ್ಟ ನೆರವಿನಿಂದ ಎದ್ದ ಜಲಾಶಯಗಳಲ್ಲಿ ನಮ್ಮೂರಿನದೂ ಒಂದು. ಆ ನೀರಿನ ಸುತ್ತಲಿನ ಬಡಗ ಸಮುದಾಯದ ಹಟ್ಟಿಗಳಲ್ಲಿ, ಕಾಲೋನಿಗಳಲ್ಲಿ ಜೀವನ ಸಾಗುವುದು ಟೀ ಎಲೆ, ಕ್ಯಾರೆಟ್, ಆಲೂಗಡ್ಡೆ, ಬೆಳ್ಳುಳ್ಳಿಯಿಂದ. ಇಲ್ಲಿನ ಟೀ ತೋಟಗಳಲ್ಲಿ ಹೆಚ್ಚಿನವು ಸಣ್ಣ ಹಿಡುವಳಿಗಳು. ಬೆಳೆಗಾರರು ಕಿತ್ತ ಎಲೆಯನ್ನು ಅದೇ ದಿನ ತೂಕ ಹಾಕಿ ಖಾಸಗಿ ಕಾರ್ಖಾನೆಗೋ ಸಹಕಾರಿ ಕಾರ್ಖಾನೆಗೋ ಕಳಿಸುತ್ತಾರೆ. ಸಣ್ಣ ಬೆಳೆಗಾರರೇ ಸದಸ್ಯರಾಗಿರುವ ಸಹಕಾರಿ ಕಾರ್ಖಾನೆಗಳ ಒಕ್ಕೂಟವಾದ ಇಂಡ್‌ಕೋಸರ್ವ್ 1965ರಿಂದ ನೀಲಗಿರಿಯಲ್ಲಿದೆ.

ಈ ಎಲೆಯ ಲೆಕ್ಕ ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ತೂಕ ದಿನದಿನವೂ ಬರೆಯಬೇಕು. ಎಲೆ ಒದ್ದೆಯಾಗಿದ್ದರೆ ನೀರಿನ ತೂಕ ಕಳೆಯಬೇಕು. ದರ ಗೊತ್ತಾಗುವುದು ತಿಂಗಳ ಕೊನೆಗೆ. ಹರಾಜಿನಲ್ಲಿ ಟೀ ಪುಡಿಗೆ ಸಿಕ್ಕ ಬೆಲೆ ನೋಡಿ ಚಹಾ ಮಂಡಳಿ ನೀಲಗಿರಿಯ ಹಸಿರೆಲೆಗೆ ತಿಂಗಳ ಬೆಲೆ ಪ್ರಕಟಿಸುತ್ತದೆ. ಆ ಬೆಲೆಯಲ್ಲಿ ಒಬ್ಬೊಬ್ಬ ಬೆಳೆಗಾರನ ಲೆಕ್ಕ ಕಟ್ಟಿ, ಗೊಬ್ಬರದ ಮುಂಗಡ ಹಿಡಿದು, ಸಾಗಣೆ ಖರ್ಚು ಕಳೆದು, ಉಳಿದದ್ದನ್ನು ಬ್ಯಾಂಕಿಗೆ ಹಾಕಬೇಕು. ನೂರಾರು ಹೆಸರುಗಳ ಈ ಲೆಕ್ಕವನ್ನು ಕೈಯಲ್ಲಿ ಬರೆಯುವ ಕಾಲ ಹೋಯಿತು. ಇಂದು ಅದು ಸಾಫ್ಟ್‌ವೇರಿನ ಕೆಲಸ. ಹೀಗಾಗಿ ಇಲ್ಲಿ ಸಾಫ್ಟ್‌ವೇರ್ ನಿಂತರೆ ತೋಟದವರ ತಿಂಗಳ ದುಡ್ಡೂ ನಿಂತಂತೆ.

ನಮ್ಮಲ್ಲಿ ಆದದ್ದು ಇಷ್ಟು. ನಾನು ಲೆಕ್ಕ ಬರೆಯುವ ಒಂದು ಘಟಕಕ್ಕೆ ಬೆಟ್ಟದ ಕೆಳಗಿನ ಊರಿನ ಡೀಲರೊಬ್ಬರು ಸಾಫ್ಟ್‌ವೇರ್ ತಂದು ಹಾಕಿಕೊಟ್ಟರು. ಹಾಕುವಾಗ ಇಮೇಲ್ ವಿಳಾಸ ಕೇಳಿದ ಜಾಗದಲ್ಲಿ ಅವರದೇ ವಿಳಾಸ ಕೊಟ್ಟರು, ಮೊಬೈಲ್ ನಂಬರೂ ಅವರದೇ. "ಏನಾದರೂ ತೊಂದರೆ ಬಂದರೆ ನಾನೇ ನೋಡಿಕೊಳ್ಳುತ್ತೇನೆ" ಎಂದರು. ಬಿಲ್ಲಿನಲ್ಲಿ ಸಾಫ್ಟ್‌ವೇರಿನ ಹೆಸರು, ಬೆಲೆ ಇತ್ತೇ ಹೊರತು ಸೀರಿಯಲ್ ನಂಬರ್ ಇರಲಿಲ್ಲ. ಪ್ರತಿ ವರ್ಷದ ಸೇವಾ ಶುಲ್ಕವನ್ನು ಘಟಕ ತಪ್ಪದೆ ಕಟ್ಟುತ್ತ ಬಂತು. ಮುಂದೆ ಡೀಲರ್ ಅಂಗಡಿ ಮುಚ್ಚಿದರು, ಅವರ ನಂಬರ್ ಕೆಲಸ ಮಾಡುವುದು ನಿಂತಿತು. ಆಮೇಲೊಂದು ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಹೋಗಿ ಬಂದು ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು.

ಹೊಸ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಹಾಕಿದಾಗ ಅದು ಕೀಲಿಸಂಖ್ಯೆ ಕೇಳಿತು. ಆ ಕೀಲಿ ಹೋಗುವುದು ನೋಂದಾಯಿತ ಇಮೇಲಿಗೆ, ಎಂದರೆ ಅಂಗಡಿ ಮುಚ್ಚಿ ಹೋದ ಡೀಲರಿಗೆ. ತಯಾರಿಸಿದ ಸಂಸ್ಥೆಗೆ ಬರೆದರೆ, "ನಮ್ಮ ದಾಖಲೆಯಲ್ಲಿ ನಿಮ್ಮ ಹೆಸರಿಲ್ಲ, ನೋಂದಾಯಿತ ಬಳಕೆದಾರರಿಂದ ಪತ್ರ ತನ್ನಿ, ಇಲ್ಲವೇ ಹೊಸದಾಗಿ ಕೊಳ್ಳಿ" ಎಂಬ ಉತ್ತರ ಬಂತು. ಬಿಲ್ಲು ಕಳಿಸಿದರೆ ಅದರಲ್ಲಿ ಸೀರಿಯಲ್ ನಂಬರ್ ಇಲ್ಲವೆಂದರು. ಬ್ಯಾಂಕಿನ ದಾಖಲೆ ಕಳಿಸಿದರೆ, ದುಡ್ಡು ಹೋದದ್ದು ಡೀಲರಿಗೆ, ತಮಗಲ್ಲ ಎಂದರು. ಬ್ಯಾಕಪ್ ಇದ್ದುದರಿಂದ ಲೆಕ್ಕದ ಮಾಹಿತಿ ನಮ್ಮ ಕೈಯಲ್ಲೇ ಸುರಕ್ಷಿತವಾಗಿತ್ತು, ಅದನ್ನು ತೆರೆದು ನೋಡುವ ಹಕ್ಕು ಮಾತ್ರ ಇರಲಿಲ್ಲ. ಆ ತಿಂಗಳು ಎಲೆಯ ದುಡ್ಡು ತಡವಾಯಿತು. ಅರ್ಧ ಎಕರೆ, ಒಂದು ಎಕರೆಯಲ್ಲಿ ಎಲೆ ಕಿತ್ತು, ಅಂಗಡಿ ಸಾಲವನ್ನೂ ಮಕ್ಕಳ ಫೀಸನ್ನೂ ಆ ದುಡ್ಡಿನಲ್ಲೇ ತೀರಿಸುವ ಮನೆಗಳವರು ಘಟಕದ ಬಾಗಿಲಿಗೆ ಬಂದು ನಿಂತರು. ಇದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಕೊನೆಗೆ ಘಟಕದವರು ಮತ್ತೆ ದುಡ್ಡು ಕೊಟ್ಟು ಅದೇ ಸಾಫ್ಟ್‌ವೇರ್ ಕೊಂಡರು.

ಯಾವ ಸಂಸ್ಥೆ, ಯಾವ ಡೀಲರ್ ಎಂದು ಇಲ್ಲಿ ಬರೆಯುವುದಿಲ್ಲ. ಒಬ್ಬರನ್ನು ದೂರಿದರೆ ಒಬ್ಬರ ವ್ಯವಹಾರ ಸರಿಹೋದೀತು, ಎಲ್ಲೆಡೆ ನಡೆಯುವ ಪದ್ಧತಿ ಬದಲಾಗುವುದಿಲ್ಲ. ನನ್ನ ದೂರು ಪದ್ಧತಿಯ ಮೇಲೆ.

ಬೆಟ್ಟದ ಮೇಲಿನವರಿಗೆ ಈ ಪದ್ಧತಿಯ ಪೆಟ್ಟು ಹೆಚ್ಚು ಜೋರಾಗಿ ಬೀಳುತ್ತದೆ. 2019ರ ಆಗಸ್ಟಿನಲ್ಲಿ ನಮ್ಮ ಪಕ್ಕದ ಅವಲಾಂಚಿಯಲ್ಲಿ ಒಂದೇ ದಿನದಲ್ಲಿ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿದದ್ದನ್ನು ಇಡೀ ದೇಶ ಸುದ್ದಿಯಲ್ಲಿ ಓದಿತು. ಗುಡ್ಡ ಜರಿದು ರಸ್ತೆಗಳು ಮುಚ್ಚಿದವು, ಕರೆಂಟ್ ಹೋಯಿತು. ಅಂಥ ಮಳೆ ಅಪರೂಪ. ಆದರೆ ಗೋಡೆಯಲ್ಲಿ ನೀರು ಜಿನುಗುವುದು, ಬೀರುವಿನೊಳಗಿನ ಕಾಗದಕ್ಕೆ ಬೂಷ್ಟು ಹಿಡಿಯುವುದು ನಮಗೆ ಪ್ರತಿ ಮಳೆಗಾಲದ ಪಾಡು. ಅಂಗಡಿಯ ಯಂತ್ರದಲ್ಲಿ ಮುದ್ರಿಸಿ ಕೊಡುವ ತೆಳು ರಸೀದಿಯ ಅಕ್ಷರ ಕೆಲವೇ ವರ್ಷಗಳಲ್ಲಿ ಮಾಸಿ ಬಿಳಿ ಹಾಳೆಯಾಗುತ್ತದೆ. ಕಂಪ್ಯೂಟರ್ ಕೆಟ್ಟರೆ ರಿಪೇರಿಗೆ ಊಟಿಗೋ ಕೂನೂರಿಗೋ ಹೋಗಬೇಕು, ದೊಡ್ಡ ಕೆಲಸವಾದರೆ ಕೊಯಮತ್ತೂರಿಗೆ. ಇಷ್ಟು ದೂರದವರು ಡೀಲರನ್ನು ನಂಬಿ ಕೂರುವುದು ಸೋಮಾರಿತನದಿಂದ ಅಲ್ಲ, ಬೇರೆ ದಾರಿ ಇಲ್ಲದೆ.

ಈ ಪತ್ರವನ್ನು ಈಗಲೇ ಬರೆಯಲು ಕಾರಣವಿದೆ. ಬದಲಾವಣೆ ಬೇಕೆಂದು ನಾವು ಕೇಳಿರಲಿಲ್ಲ. ಹೊರಗಿನ ಗಡುವುಗಳು ಒಂದರ ಹಿಂದೊಂದು ಬಂದು ನಮ್ಮನ್ನು ತಳ್ಳುತ್ತಿವೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಹಳೆಯ ಲೆಕ್ಕದ ಸಾಫ್ಟ್‌ವೇರುಗಳೆಲ್ಲ ಬದಲಾಗಬೇಕಾಯಿತು. 2020ರ ಜನವರಿ 14ಕ್ಕೆ ವಿಂಡೋಸ್ 7ರ ಬೆಂಬಲ ನಿಂತಿತು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕೆಂಬ ನಿಯಮ ಜಾರಿಗೆ ಬಂತು. ಅದೇ ವರ್ಷ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವ್ಯಾಪಾರಿಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು; ಟೀ ಪುಡಿ ಮಾರುವ ಸಣ್ಣ ಕಾರ್ಖಾನೆಗಳಲ್ಲಿ ಹಲವು ಈ ನಿಯಮದಡಿ ಬಂದುಬಿಟ್ಟವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನಮ್ಮ ಕಚೇರಿಗಳ ಹಳೆಯ ಯಂತ್ರಗಳಲ್ಲಿ ಅದು ಇಲ್ಲವಾದ್ದರಿಂದ ಕಂಪ್ಯೂಟರನ್ನೇ ಬದಲಿಸಬೇಕು. ಹೀಗೆ ಬದಲಿಸುವ ದಿನವೇ ಲೈಸೆನ್ಸ್ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಅಲ್ಲಿಯವರೆಗೆ ಸಾಫ್ಟ್‌ವೇರ್ ತೆರೆದುಕೊಳ್ಳುತ್ತಿರುತ್ತದೆ, ಯಾರೂ ಕೇಳುವುದಿಲ್ಲ.

ಲೈಸೆನ್ಸ್ ಎಂದು ನಾವು ಒಂದೇ ಮಾತಿನಲ್ಲಿ ಹೇಳುವ ವಸ್ತು ಒಂದೊಂದು ಕಡೆ ಒಂದೊಂದು ರೂಪದಲ್ಲಿದೆ. ವಿಂಡೋಸ್ 7ರ ಕಾಲದಲ್ಲಿ ಅದು ಕಂಪ್ಯೂಟರಿನ ಮೈಗೆ ಅಂಟಿಸಿದ ಚೀಟಿ. ಒರೆಸಿ ಒರೆಸಿ ಅಕ್ಷರಗಳು ಅಳಿದಿವೆ. ವಿಂಡೋಸ್ 8ರ ನಂತರ ದೊಡ್ಡ ಕಂಪನಿಗಳ ಕಂಪ್ಯೂಟರುಗಳಲ್ಲಿ ಕೀಲಿಯನ್ನು ಮದರ್‌ಬೋರ್ಡಿನಲ್ಲೇ ಬರೆದಿಡುತ್ತಾರೆ. ಬೋರ್ಡ್ ಸುಟ್ಟರೆ ಕೀಲಿಯೂ ಹೋಯಿತು. ಕಂಪ್ಯೂಟರಿನ ಜೊತೆಗೇ ಬಂದ ಲೈಸೆನ್ಸ್ ಆ ಯಂತ್ರಕ್ಕೆ ಮಾತ್ರ ಸೇರಿದ್ದು, ಅಂಗಡಿಯಲ್ಲಿ ಬೇರೆಯಾಗಿ ಕೊಂಡದ್ದನ್ನು ಇನ್ನೊಂದು ಯಂತ್ರಕ್ಕೆ ಒಯ್ಯಬಹುದು. ಈ ವ್ಯತ್ಯಾಸವನ್ನು ಮಾರುವ ದಿನ ನಮಗೆ ಯಾರೂ ತಿಳಿಸಿ ಹೇಳುವುದಿಲ್ಲ. ಮೈಕ್ರೋಸಾಫ್ಟ್ ಆಫೀಸ್ ಹಾಕಿದ ಯಂತ್ರದಲ್ಲಿ ಕೀಲಿಯ ಕೊನೆಯ ಐದು ಅಕ್ಷರಗಳನ್ನಷ್ಟೇ ನೋಡಲು ಸಾಧ್ಯ, ಪೂರ್ತಿ ಕೀಲಿ ಸಿಗದು. ಇನ್ನು ಕೆಲವು ಸಾಫ್ಟ್‌ವೇರುಗಳು ಡಾಂಗಲ್ ಎಂಬ ಪುಟ್ಟ ಕಡ್ಡಿಯೊಂದಿಗೆ ಬರುತ್ತಿದ್ದವು. ಅದು ಕಳೆದರೂ ಕೆಟ್ಟರೂ ಸಾಫ್ಟ್‌ವೇರ್ ತೆರೆಯದು.

ದೇಶದ ಸಣ್ಣ ವ್ಯಾಪಾರಿಗಳು ಬಹಳವಾಗಿ ಬಳಸುವ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಟ್ಯಾಲಿಯನ್ನು ಉದಾಹರಣೆಗೆ ನೋಡಬಹುದು. ಅದರಲ್ಲಿ ಲೈಸೆನ್ಸಿಗೊಂದು ಸೀರಿಯಲ್ ನಂಬರ್ ಇದೆ, ಅದು ಒಂದು ಇಮೇಲ್ ವಿಳಾಸಕ್ಕೆ ಜೋಡಣೆಯಾಗಿರುತ್ತದೆ. ಕಂಪ್ಯೂಟರ್ ಬದಲಿಸುವ ಮೊದಲು ಹಳೆಯ ಯಂತ್ರದಲ್ಲಿ ಲೈಸೆನ್ಸನ್ನು 'ಸರೆಂಡರ್' ಮಾಡಿ, ಹೊಸದರಲ್ಲಿ ಮತ್ತೆ ಚಾಲೂ ಮಾಡಬೇಕು. ಲೈಸೆನ್ಸ್ ಸಿಗದಿದ್ದರೆ ಅದು 'ಎಜುಕೇಷನಲ್' ಸ್ಥಿತಿಯಲ್ಲಿ ತೆರೆದುಕೊಳ್ಳುತ್ತದೆ. ಆಗ ತಿಂಗಳ ಎಲ್ಲ ದಿನಗಳ ನಮೂದು ಮಾಡಲಾಗದು, ಕೆಲವೇ ತಾರೀಖುಗಳಿಗೆ ಬರೆಯಬಹುದು. 2020ರ ನವೆಂಬರಿನಲ್ಲಿ ಟ್ಯಾಲಿ ಇಆರ್‌ಪಿ 9ರ ಜಾಗಕ್ಕೆ ಟ್ಯಾಲಿ ಪ್ರೈಮ್ ಬಂದಾಗ, ವಾರ್ಷಿಕ ಸೇವಾ ಚಂದಾ ಚಾಲ್ತಿಯಲ್ಲಿದ್ದವರು ಬೇರೆ ದುಡ್ಡಿಲ್ಲದೆ ಹೊಸದಕ್ಕೆ ಹೋಗಬಹುದಿತ್ತು. ಇಷ್ಟೆಲ್ಲ ಅನುಕೂಲವೂ ಸಿಗುವುದು ಆ ಇಮೇಲ್ ಯಾರ ಕೈಯಲ್ಲಿದೆಯೋ ಅವರಿಗೆ. ಹಿಂದೆ ಕೆಲಸ ಮಾಡಿ ಬಿಟ್ಟುಹೋದ ಗುಮಾಸ್ತರದೋ ಡೀಲರದೋ ವಿಳಾಸ ಅಲ್ಲಿದ್ದರೆ, ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ಮಾಲೀಕ ಬಾಗಿಲ ಹೊರಗೇ ನಿಲ್ಲಬೇಕು.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡೋಣ. ಕೃತಿಸ್ವಾಮ್ಯ ಕಾಯ್ದೆ 1957ರ 63ಬಿ ಕಲಮಿನ ಪ್ರಕಾರ, ಅಕ್ರಮ ಪ್ರತಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದವರಿಗೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ನಮ್ಮದು ಸಕ್ರಮ ಪ್ರತಿ ಎಂದು ತೋರಿಸಲು ಬೇಕಾದ ದಾಖಲೆ ಇರುವುದು ಮಾರಿದವರ ಹತ್ತಿರ. ಅದೇ ಕಾಯ್ದೆಯ 52(1)(ಎಎ) ಕಲಮು ಸಕ್ರಮವಾಗಿ ಹೊಂದಿದವರು ಪ್ರೋಗ್ರಾಮ್ ನಷ್ಟವಾದೀತು, ಹಾಳಾದೀತು ಎಂದು ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಪ್ರತಿ ಇಟ್ಟುಕೊಳ್ಳುವ ಹಕ್ಕು ಕೊಟ್ಟ ಮೇಲೆ, ಆ ಪ್ರತಿಯನ್ನು ತೆರೆಯುವ ಕೀಲಿ ಬೇರೆಯವರ ಕೈಯಲ್ಲಿದ್ದರೆ ಹಕ್ಕಿನಿಂದ ಏನು ಪ್ರಯೋಜನ?

ಲೆಕ್ಕ ಎಷ್ಟು ವರ್ಷ ಉಳಿಸಬೇಕೆಂಬುದಕ್ಕೂ ಕಾನೂನಿದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು, ಕಂಪನಿ ಕಾಯ್ದೆ 2013ರ ಪ್ರಕಾರ ಕಂಪನಿಗಳು 8 ವರ್ಷದ ಲೆಕ್ಕಪುಸ್ತಕ ಇಟ್ಟಿರಬೇಕು. ಎಂದರೆ ಒಂದು ಕಂಪ್ಯೂಟರಿನ ಆಯುಸ್ಸಿಗಿಂತ ಲೆಕ್ಕದ ಆಯುಸ್ಸು ದೊಡ್ಡದು. ಹಳೆಯ ಸಾಫ್ಟ್‌ವೇರಿನಲ್ಲಿ ಬರೆದ ಲೆಕ್ಕವನ್ನು ಅಧಿಕಾರಿ ಬಂದು ಕೇಳಿದ ದಿನ ತೆರೆದು ತೋರಿಸಬೇಕಾದವರು ನಾವು. ಸಾಫ್ಟ್‌ವೇರ್ ಮಾರಿದವರು ಆ ದಿನ ಉತ್ತರ ಕೊಡಬೇಕಾಗಿಲ್ಲ. ಹೊಣೆಯೆಲ್ಲ ಒಂದು ಕಡೆ, ದಾಖಲೆಯೆಲ್ಲ ಇನ್ನೊಂದು ಕಡೆ ಇರುವುದು ನ್ಯಾಯವಲ್ಲ.

ಈ ಸಂಕಟದ ಬೆನ್ನಿಗೇ ಇನ್ನೊಂದು ಕೇಡು ಬರುತ್ತದೆ. ಲೈಸೆನ್ಸ್ ಸಿಗದೆ ಕೈಚೆಲ್ಲಿ ಕೂತವರ ಹತ್ತಿರ ಯಾರೋ ಪೆನ್‌ಡ್ರೈವ್ ಹಿಡಿದು ಬಂದು, ಸ್ವಲ್ಪವೇ ದುಡ್ಡಿಗೆ ಕೀಲಿ ಒಡೆದ ಪ್ರತಿ ಹಾಕಿಕೊಡುತ್ತೇನೆ ಎನ್ನುತ್ತಾರೆ. ತಿಂಗಳ ಕೊನೆಯ ಒತ್ತಡದಲ್ಲಿ ಇರುವವರು ಹೂಂ ಎನ್ನುತ್ತಾರೆ. ಅಂಥ ಪ್ರತಿಯೊಳಗೆ ಏನೆಲ್ಲ ಅಡಗಿದೆ ಎಂದು ಹಾಕಿದವರಿಗೂ ಗೊತ್ತಿರುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳಿತು. ಭದ್ರತಾ ತಿದ್ದುಪಡಿ ಹಾಕಿಕೊಳ್ಳದೆ ಉಳಿದಿದ್ದ ಯಂತ್ರಗಳೇ ಅದಕ್ಕೆ ಹೆಚ್ಚಾಗಿ ಸಿಕ್ಕಿಬಿದ್ದದ್ದು. ಅಕ್ರಮ ಪ್ರತಿ ಬಳಸುವವರು ತಿದ್ದುಪಡಿ ಹಾಕಲು ಹೆದರುತ್ತಾರೆ. ಹೀಗೆ ಪ್ರಾಮಾಣಿಕವಾಗಿ ದುಡ್ಡು ಕೊಟ್ಟವರನ್ನೇ ಅಕ್ರಮದ ಕಡೆಗೂ ಅಪಾಯದ ಕಡೆಗೂ ನೂಕುವ ಪದ್ಧತಿ ಇದು. ಕಳ್ಳ ಪ್ರತಿಯಿಂದ ನಷ್ಟವಾಗುತ್ತಿದೆ ಎಂದು ಕೊರಗುವ ಸಂಸ್ಥೆಗಳು ಇದನ್ನು ಗಮನಿಸಬೇಕು.

ಜಮೀನಿನ ವಿಷಯದಲ್ಲಿ ನಾವು ಈ ಅನ್ಯಾಯವನ್ನು ಸಹಿಸುವುದಿಲ್ಲ. ಕ್ರಯಪತ್ರ ಬರೆಸಿಕೊಟ್ಟ ದಲ್ಲಾಳಿಯ ಹೆಸರಿನಲ್ಲಿ ಪಹಣಿ ಇದ್ದರೆ ಯಾರೂ ಸುಮ್ಮನಿರುವುದಿಲ್ಲ. ಕರ್ನಾಟಕ ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ ಮೇಲೆ, ರೈತನ ಮನೆಯಲ್ಲಿದ್ದ ಪ್ರತಿ ಗೆದ್ದಲು ತಿಂದರೂ ನಾಡಕಚೇರಿಯಲ್ಲಿ ಇನ್ನೊಂದು ಪ್ರತಿ ಸಿಗುತ್ತದೆ. ತಮಿಳುನಾಡಿನಲ್ಲಿ ಪಟ್ಟಾ, ಚಿಟ್ಟಾ ಆನ್‌ಲೈನಿನಲ್ಲೇ ಸಿಗುತ್ತದೆ. ಕಾಗದ ಹೋಗಬಹುದು, ಹಕ್ಕು ಹೋಗಬಾರದು ಎಂಬ ತತ್ವವನ್ನು ಸರ್ಕಾರಗಳು ಅಲ್ಲಿ ಒಪ್ಪಿವೆ. ಸಾಫ್ಟ್‌ವೇರ್ ಲೈಸೆನ್ಸಿಗೆ ನಾನು ಕೇಳುತ್ತಿರುವುದು ಅದೇ ತತ್ವ.

ಸಣ್ಣ ಸಂಘಗಳು ಒಂಟಿಯಾಗಿ ಇದನ್ನು ನಿಭಾಯಿಸಲಾರವು ಎಂಬುದನ್ನು ಕೇಂದ್ರ ಸರ್ಕಾರವೂ ಒಂದು ಕಡೆ ಒಪ್ಪಿಕೊಂಡಿದೆ. 2022ರ ಜೂನಿನಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರಿನಡಿ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಂಘಗಳು ಒಂದೊಂದೂ ಒಂದೊಂದು ಸಾಫ್ಟ್‌ವೇರ್ ಬಳಸುತ್ತ, ಒಬ್ಬೊಬ್ಬ ಮಾರಾಟಗಾರನನ್ನು ನಂಬಿ ಉಳಿದಿದ್ದ ಸ್ಥಿತಿಗೆ ಅದು ಪರಿಹಾರ. ಒಳ್ಳೆಯ ಕೆಲಸ. ಆದರೆ ಅದು ಪತ್ತಿನ ಸಂಘಗಳಿಗಾಗಿ ಮಾಡಿದ್ದು. ಚಹಾ ಕಾರ್ಖಾನೆ, ಎಲೆ ಕೊಳ್ಳುವ ಘಟಕ, ತರಕಾರಿ ಬೆಳೆಗಾರರ ಗುಂಪು ಅದರೊಳಗೆ ಬರುವುದಿಲ್ಲ. ಪತ್ತಿನ ಸಂಘಗಳಲ್ಲೂ ಹಳೆಯ ಲೆಕ್ಕವನ್ನು ಹೊಸದಕ್ಕೆ ಸಾಗಿಸುವಾಗ ಹಳೆಯ ಸಾಫ್ಟ್‌ವೇರ್ ತೆರೆಯಲೇಬೇಕು. ಅದನ್ನು ತೆರೆಯಲು ಅದರ ಲೈಸೆನ್ಸ್ ಬೇಕು.

ಕೀಲಿಯ ಗೊಡವೆಯೇ ಇಲ್ಲದ ದಾರಿಯೂ ಇದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವನ್ನು ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿತು. ಅದನ್ನು ಹೊಸ ಯಂತ್ರಕ್ಕೆ ಹಾಕಿಕೊಳ್ಳಲು ಯಾರೂ ಯಾರಿಗೂ ಅರ್ಜಿ ಬರೆಯಬೇಕಾಗಿಲ್ಲ. ನೆರೆಯ ಕೇರಳ ತನ್ನ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶದಲ್ಲಿ ನಡೆಸುತ್ತಿದೆ. ಹಸಿರೆಲೆ ಲೆಕ್ಕಕ್ಕೂ ಅಂಥದ್ದೊಂದನ್ನು ಮಾಡಿಸುವುದು ಚಹಾ ಮಂಡಳಿಗೆ ಶಕ್ತಿಮೀರಿದ ಕೆಲಸವಲ್ಲ. ಆದರೆ ಅದು ಬರುವವರೆಗೆ ನಾವು ಬಳಸುವುದು ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರುಗಳನ್ನೇ. ಆದ್ದರಿಂದ ನಮ್ಮ ಬೇಡಿಕೆಗಳನ್ನು ನೇರವಾಗಿ ಬರೆಯುತ್ತೇನೆ.

ಸಾಫ್ಟ್‌ವೇರ್ ತಯಾರಿಸುವ ಸಂಸ್ಥೆಗಳಿಗೆ:

1. ಲೈಸೆನ್ಸನ್ನು ಕೊಂಡ ಸಂಸ್ಥೆಯ ಹೆಸರು ಮತ್ತು ಅದರ ಜಿಎಸ್‌ಟಿ ಸಂಖ್ಯೆ ಅಥವಾ ನೋಂದಣಿ ಸಂಖ್ಯೆಗೆ ಜೋಡಿಸಿ. ಇಮೇಲ್, ಮೊಬೈಲ್ ಸಂಪರ್ಕಕ್ಕೆ ಮಾತ್ರ ಇರಲಿ, ಒಡೆತನಕ್ಕೆ ಆಧಾರವಾಗುವುದು ಬೇಡ.

2. ಡೀಲರಿನ ಇಮೇಲಿನಲ್ಲಿ ನೋಂದಣಿ ಮಾಡುವುದನ್ನು ನಿಲ್ಲಿಸಿ. ಈಗಾಗಲೇ ಹಾಗಿರುವ ಲೈಸೆನ್ಸುಗಳನ್ನು ನಿಜವಾದ ಬಳಕೆದಾರರಿಗೆ ವರ್ಗಾಯಿಸಲು ಒಂದು ಅವಧಿ ಗೊತ್ತುಮಾಡಿ, ಅದಕ್ಕೆ ಶುಲ್ಕ ಪಡೆಯಬೇಡಿ.

3. ಬಿಲ್ಲು, ಬ್ಯಾಂಕ್ ದಾಖಲೆ, ಹಳೆಯ ಬ್ಯಾಕಪ್ಪಿನೊಳಗಿನ ಸಂಸ್ಥೆಯ ಹೆಸರು, ಜಿಎಸ್‌ಟಿ ರಿಟರ್ನಿನ ನಮೂದು, ಇವುಗಳಲ್ಲಿ ಎರಡು ಹೊಂದಿದರೆ ಲೈಸೆನ್ಸನ್ನು ಮರಳಿ ಕೊಡುವ ನಿಯಮ ಮಾಡಿ. ಎಷ್ಟು ದಿನದಲ್ಲಿ ಉತ್ತರ ಕೊಡುತ್ತೀರಿ ಎಂಬುದನ್ನೂ ಬರಹದಲ್ಲಿ ಹೇಳಿ.

4. ಪರಿಶೀಲನೆ ನಡೆಯುತ್ತಿರುವಾಗ ಹಳೆಯ ಲೆಕ್ಕವನ್ನು ತೆರೆದು ಓದಲು, ಮುದ್ರಿಸಿಕೊಳ್ಳಲು ಅವಕಾಶ ಕೊಡಿ. ಹೊಸದಾಗಿ ಬರೆಯುವುದನ್ನು ಬೇಕಾದರೆ ತಡೆಯಿರಿ, ನಮ್ಮದೇ ಲೆಕ್ಕ ಓದುವುದನ್ನು ತಡೆಯಬೇಡಿ.

5. ಡೀಲರ್ ವ್ಯಾಪಾರ ನಿಲ್ಲಿಸಿದರೆ ಅವರ ಗ್ರಾಹಕರಿಗೆಲ್ಲ ನೀವೇ ನೇರವಾಗಿ ತಿಳಿಸಿ.

ಡೀಲರುಗಳಿಗೆ: ಪ್ರತಿ ಬಿಲ್ಲಿನಲ್ಲೂ ಸೀರಿಯಲ್ ನಂಬರ್, ಲೈಸೆನ್ಸಿನ ಬಗೆ, ಎಷ್ಟು ಮಂದಿ ಬಳಸಬಹುದು, ಬೇರೆ ಯಂತ್ರಕ್ಕೆ ಒಯ್ಯಬಹುದೇ ಇಲ್ಲವೇ ಎಂಬುದನ್ನು ಬರೆಯಿರಿ. ಬಿಲ್ಲನ್ನೇ ಕೊಡದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ ಎಂಬುದು ನೆನಪಿರಲಿ.

ಚಹಾ ಮಂಡಳಿಗೆ: ಹಸಿರೆಲೆಯ ಬೆಲೆ ಪ್ರಕಟಿಸುವ ನಿಮಗೆ, ಆ ಬೆಲೆ ಬೆಳೆಗಾರನ ಕೈ ಸೇರುವ ಲೆಕ್ಕ ಯಾವ ಯಂತ್ರದಲ್ಲಿ, ಯಾವ ಸ್ಥಿತಿಯಲ್ಲಿದೆ ಎಂಬುದೂ ಕಾಳಜಿಯ ವಿಷಯವಾಗಬೇಕು. ಎಲೆ ಕೊಳ್ಳುವ ಕಾರ್ಖಾನೆಗಳು ತಮ್ಮ ಲೆಕ್ಕದ ಸಾಫ್ಟ್‌ವೇರಿನ ಲೈಸೆನ್ಸ್ ವಿವರವನ್ನು ಕಾರ್ಖಾನೆಯ ಹೆಸರಿನಲ್ಲಿ ಇಟ್ಟುಕೊಳ್ಳುವಂತೆ ಸೂಚನೆ ಕೊಡಿ. ಸಣ್ಣ ಬೆಳೆಗಾರರಿಗೆ ನೆರವು ಕೊಡುವಾಗ ಇದಕ್ಕೂ ಒಂದು ಪಾಲಿರಲಿ.

ಸಹಕಾರ ಮತ್ತು ಸಹಕಾರ ಲೆಕ್ಕಪರಿಶೋಧನಾ ಇಲಾಖೆಗಳಿಗೆ: ವರ್ಷಕ್ಕೊಮ್ಮೆ ಲೆಕ್ಕ ನೋಡಲು ಬರುವ ನಿಮ್ಮ ಅಧಿಕಾರಿಗಳು ತಕ್ಕಡಿ, ಪೀಠೋಪಕರಣ, ಟೈಪ್‌ರೈಟರುಗಳನ್ನೆಲ್ಲ ದಾಸ್ತಾನು ಪುಸ್ತಕದಲ್ಲಿ ಹುಡುಕುತ್ತಾರೆ. ಅದೇ ಪುಸ್ತಕದಲ್ಲಿ ಸಾಫ್ಟ್‌ವೇರ್ ಲೈಸೆನ್ಸುಗಳಿಗೂ ಒಂದು ಪುಟ ಇರಲಿ. ಲೈಸೆನ್ಸ್ ಸಂಘದ ಹೆಸರಿನಲ್ಲಿದೆಯೇ, ನೋಂದಾಯಿತ ಇಮೇಲ್ ಸಂಘದ್ದೇ, ಕಾರ್ಯದರ್ಶಿ ಬದಲಾದಾಗ ಅದರ ಪಾಸ್‌ವರ್ಡ್ ಹಸ್ತಾಂತರವಾಯಿತೇ ಎಂದು ಪ್ರತಿ ವರ್ಷ ಕೇಳಿ. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಅನುದಾನವೂ ಬೇಡ, ಒಂದು ಸುತ್ತೋಲೆ ಸಾಕು.

ಕೊನೆಯದಾಗಿ, ನನ್ನಂತೆ ಲೆಕ್ಕ ಬರೆಯುವವರಿಗೂ ಸಣ್ಣ ಸಂಘ, ಅಂಗಡಿ ನಡೆಸುವವರಿಗೂ ಒಂದು ಮಾತು. ಇಲಾಖೆಗಳ ಉತ್ತರ ಬರುವವರೆಗೆ ಕಾಯಬೇಡಿ. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಕೆಲಸ ಶುರುಮಾಡಿ. ಮೊದಲು ಲೆಕ್ಕದ ಪೂರ್ತಿ ಬ್ಯಾಕಪ್ ತೆಗೆದು ಎರಡು ಬೇರೆ ಜಾಗಗಳಲ್ಲಿ ಇಡಿ. ಸಾಫ್ಟ್‌ವೇರಿನ ಲೈಸೆನ್ಸ್ ವಿವರ ತೋರಿಸುವ ಪುಟ ತೆರೆದು ಸೀರಿಯಲ್ ನಂಬರ್, ಆವೃತ್ತಿ, ನೋಂದಾಯಿತ ಇಮೇಲ್ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಕಂಪ್ಯೂಟರಿನ ಮೈಮೇಲಿನ ಚೀಟಿಯ ಫೋಟೊವನ್ನೂ ತೆಗೆಯಿರಿ. ಬಿಲ್ಲು ಕಳೆದಿದ್ದರೆ ಜಿಎಸ್‌ಟಿ ಪೋರ್ಟಲಿನ 2ಎ ಅಥವಾ 2ಬಿ ಹೇಳಿಕೆ ನೋಡಿ. ಡೀಲರ್ ತಮ್ಮ ರಿಟರ್ನಿನಲ್ಲಿ ನಿಮ್ಮ ಬಿಲ್ಲನ್ನು ತೋರಿಸಿದ್ದರೆ ಅದರ ಸಂಖ್ಯೆ, ದಿನಾಂಕ, ಮೊತ್ತ, ಅವರ ಜಿಎಸ್‌ಟಿ ಸಂಖ್ಯೆ ಅಲ್ಲಿ ಸಿಗುತ್ತದೆ. ಬಿಲ್ಲು ಜಿಎಸ್‌ಟಿಗಿಂತ ಹಿಂದಿನ ಕಾಲದ್ದಾದರೆ ಬ್ಯಾಂಕಿನಿಂದ ಖಾತೆಯ ವಿವರ, ಚೆಕ್ಕಿನ ಪ್ರತಿ ಕೇಳಿ. ಕೆಲಸ ಬಿಟ್ಟುಹೋದ ಗುಮಾಸ್ತರು ಊರಲ್ಲೇ ಇದ್ದರೆ ವಿಶ್ವಾಸದಿಂದ ಕೇಳಿ, ಹಳೆಯ ಇಮೇಲ್ ಅವರಿಂದ ತೆರೆಸಿ.

ದಾಖಲೆ ಸಿಕ್ಕ ಮೇಲೆ ಸಂಸ್ಥೆಯ ಹೆಸರಿನಲ್ಲೇ ಒಂದು ಇಮೇಲ್ ಮಾಡಿಸಿ, ಲೈಸೆನ್ಸನ್ನು ಅದಕ್ಕೆ ವರ್ಗಾಯಿಸಿಕೊಂಡು, ಖಚಿತ ಉತ್ತರ ಬರಹದಲ್ಲಿ ಬಂದ ನಂತರವೇ ಹಳೆಯ ಯಂತ್ರದಲ್ಲಿ ಲೈಸೆನ್ಸ್ ಬಿಟ್ಟುಕೊಡಿ. ಹೊಸ ಯಂತ್ರದಲ್ಲಿ ಎಲ್ಲ ಲೆಕ್ಕವೂ ಸರಿಯಾಗಿ ತೆರೆಯುವವರೆಗೆ ಹಳೆಯದನ್ನು ಗುಜರಿಗೆ ಹಾಕಬೇಡಿ. ಸತ್ತ ಯಂತ್ರದ ಹಾರ್ಡ್ ಡಿಸ್ಕನ್ನೂ ತೆಗೆದಿಡಿ. ಹಳೆಯ ಬಿಲ್ಲಿನ ಪ್ರತಿ, ಡೀಲರಿನೊಂದಿಗಿನ ಪತ್ರವ್ಯವಹಾರ ಅದರೊಳಗೇ ಸಿಗುವುದುಂಟು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಅಂಗಡಿ ನಡೆಸುವವರನ್ನು ಕಾನೂನು ಗ್ರಾಹಕರೆಂದೇ ನೋಡುತ್ತದೆ. ಅಂಥವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಮಾನ್ಯರೇ, ನಾವು ರಿಯಾಯಿತಿ ಕೇಳುತ್ತಿಲ್ಲ, ಪುಕ್ಕಟೆ ಸಾಫ್ಟ್‌ವೇರನ್ನೂ ಕೇಳುತ್ತಿಲ್ಲ. ಬೆಲೆ ಕೊಟ್ಟಿದ್ದೇವೆ; ಕೊಟ್ಟದ್ದಕ್ಕೆ ನಮ್ಮ ಹೆಸರಿನಲ್ಲಿ ದಾಖಲೆ ಕೊಡಿ. ಮುಂದಿನ ಗಡುವು ಬರುವ ಮೊದಲು, ಮುಂದಿನ ಮಳೆಗಾಲಕ್ಕೆ ಮೊದಲು, ಈ ಕೆಲಸವನ್ನು ಕೈಗೆತ್ತಿಕೊಳ್ಳಿ ಎಂದು ಎಮರಾಲ್ಡಿನ ಮತ್ತು ಸುತ್ತಲಿನ ಊರುಗಳ ಬೆಳೆಗಾರರು, ವ್ಯಾಪಾರಿಗಳು, ಲೆಕ್ಕ ಬರೆಯುವವರು, ಎಲ್ಲರ ಪರವಾಗಿ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಲೆಕ್ಕ ಬರೆಯುವ ಒಬ್ಬ ಕನ್ನಡಿಗ
ಎಮರಾಲ್ಡ್, ನೀಲಗಿರಿ ಜಿಲ್ಲೆ